ಸೀಲು ಬಿದ್ದ ಸೋಬಾನೆ

ಮದುವೆ ಮನೆಯ ಸಾಮಾನನ್ನು ಕಳ್ಳರು ಹೊತ್ತುಕೊಂಡು ಹೋಗುವುದು ಅಪರೂಪ. ಸುಣ್ಣ ಹೊಡೆಸುವ ಭರದಲ್ಲಿ ಮನೆಯವರೇ ಸಾಗಿಸಿಬಿಡುತ್ತಾರೆ. ಹೊನ್ನವಳ್ಳಿಯ ಚಿಕ್ಕರಂಗಯ್ಯನ ಮನೆಯಲ್ಲೂ ಅದೇ ಆಯಿತು. ಮಗಳು ಧನ್ಯಶ್ರೀಯ ಮದುವೆಗೆಂದು ಮನೆ ಒಪ್ಪ ಮಾಡುವಾಗ ಹೆಂಡತಿ ಬೋರಮ್ಮ ಅಟ್ಟದ ಮೇಲಿದ್ದ ಹಳೇ ಸೀಡಿಗಳನ್ನೆಲ್ಲ ಚೀಲಕ್ಕೆ ತುಂಬಿದಳು. ತಿಪಟೂರಿನ ಬಸ್ ಸ್ಟ್ಯಾಂಡ್ ಹಿಂದೆ ಹಳೇ ಸೀಡಿ ವ್ಯಾಪಾರ ಮಾಡುವ ಖಾಸಿಂ ಸಾಬರಿಗೆ ಕೊಟ್ಟು, ಬಂದ ಕಾಸಿಗೆ ಪ್ಲಾಸ್ಟಿಕ್ ಬಕೆಟ್ಟು ತಂದಳು.

ಆ ಚೀಲದಲ್ಲಿ ಚಿಕ್ಕರಂಗಯ್ಯನ ತಾಯಿ ಮರಿಯಮ್ಮ ಹಾಡಿದ ಸೋಬಾನೆಯ ಸೀಡಿಯೂ ಇತ್ತೆಂದು ಗೊತ್ತಾದದ್ದು ಚಪ್ಪರದ ದಿನ ಬೆಳಿಗ್ಗೆ. ಬದುಕಿದ್ದಾಗ ಮರಿಯಮ್ಮ ಬಾಯಿ ತೆರೆಯದೆ ಊರಿನ ಯಾವ ಹೆಣ್ಣಿಗೂ ಅರಿಸಿನ ಹತ್ತುತ್ತಿರಲಿಲ್ಲ. ಯಾರೋ ಸ್ಟುಡಿಯೋದವನು ಆ ದನಿಯನ್ನು ಹಿಡಿದು ಒಂದು ಸೀಡಿ ಮಾಡಿಕೊಟ್ಟಿದ್ದ. ಇದ್ದದ್ದು ಅದೊಂದೇ. "ಧನ್ಯನ್ ಮದ್ವೆ ಹೊತ್ಗೆ ನಾನಿರಾಕಿಲ್ಲ ಕಣ್ಲಾ. ಅರಿಸ್ನ ಹಚ್ಚೋವಾಗ ನನ್ ಹಾಡು ಹಾಕು, ನಾನೂ ಬಂದಂಗಾಯ್ತದೆ" ಎಂದು ಮಗನ ಕೈ ಹಿಡಿದು ಹೇಳಿ ಮುದುಕಿ ಕಣ್ಣು ಮುಚ್ಚಿದ್ದಳು. ಅರಿಸಿನ ಹಚ್ಚುವುದು ಅವತ್ತೇ ಸಂಜೆ. ಸೀಡಿ ಹಾಕುವ ಪೆಟ್ಟಿಗೆ ಇರುವ ಮೈಕ್ ಸೆಟ್ಟಿನವನನ್ನು ಚಿಕ್ಕರಂಗಯ್ಯ ಹುಳಿಯಾರಿನಿಂದ ಹುಡುಕಿಸಿ ಕರೆಸಿದ್ದ.

"ಅವ್ವನ್ ಸೀಡಿನೂ ಕೊಟ್ಬುಟ್ಯೇನೇ?" ಎಂದು ಅವನು ಕೂಗಿದರೆ ಓದು ಬಾರದ ಬೋರಮ್ಮ ಅದಕ್ಕಿಂತ ಜೋರಾಗಿ, "ಸೀಡಿ ಮೇಲೆ ನಿಮ್ಮವ್ವನ್ ಮಖ ಇತ್ತಾ ನಂಗ್ ಗೊತ್ತಾಗಾಕೆ? ಸಾಬ್ರು ಎಲ್ಗೂ ಓಡೋಗಿಲ್ಲ. ಹೋಗಿ ಇಸ್ಕಂಬನ್ನಿ" ಎಂದಳು.

ಪಕ್ಕದ ಮನೆಯ ರೇವಣಸಿದ್ದಯ್ಯ ಕರೆಯದಿದ್ದರೂ ಬಂದು ಬೈಕಿನ ಹಿಂದೆ ಕೂತ. ಊರಿನಲ್ಲಿ ಯಾರಿಗೆ ಏನು ತೊಂದರೆಯಾದರೂ ಅದನ್ನು ಎರಡರಷ್ಟು ಮಾಡುವವರೆಗೆ ಅವನಿಗೆ ಊಟ ಸೇರುತ್ತಿರಲಿಲ್ಲ. "ನೀನು ಸುಮ್ಕಿರು. ಮಾತೆಲ್ಲ ನಾನಾಡ್ತೀನಿ. ಇವತ್ತೇ ಕೊಡುಸ್ತೀನಿ" ಎಂದ.

ಖಾಸಿಂ ಸಾಬರು ವಿಷಯ ಕೇಳಿ ಲೊಚಗುಟ್ಟಿದರು. ಮೂಲೆಯಲ್ಲಿದ್ದ ತಗಡಿನ ಪೆಟ್ಟಿಗೆಯನ್ನು ತೋರಿಸಿದರು. ಅದರ ಬೀಗದ ಮೇಲೆ ಕೆಂಪು ಅರಗಿನ ಸೀಲು ಬಿದ್ದಿತ್ತು.

"ಇದ್ರಾಗೇ ಐತೆ ಚಿಕ್ಕರಂಗಣ್ಣ. ಆದ್ರೆ ಕೊಡಾಕಾಗಲ್ಲ."

"ಯಾಕ್ ಸಾಬ್ರೇ? ಇನ್ನೂ ಜಾಸ್ತಿ ದುಡ್ಡು ಬೇಕಾ?"

"ಅರೆ, ದುಡ್ಡಿನ್ ಮಾತಲ್ಲ. ಹೊಸಾ ಕಾನೂನು. ಹಳೇ ಸೀಡಿ ಕೊಡೋರ್ ಹೆಬ್ಬೆಟ್ಟು ಹಾಕುಸ್ಕೋಬೇಕು, ಆಧಾರ್ ತಗೋಬೇಕು, ಆಮ್ಯಾಕೆ ಒಂದು ತಿಂಗ್ಳು ಮುಟ್ಟಂಗಿಲ್ಲ. ಕದ್ದಿದ್ ಮಾಲು ಅಂತ ಯಾರಾನ ಬಂದ್ರೆ ಅಂತ. ಸೀಲ್ ಒಡುದ್ರೆ ನನ್ ಅಂಗ್ಡಿಗೇ ಬೀಗ."

ಚಿಕ್ಕರಂಗಯ್ಯನ ಮೈ ಉರಿದುಹೋಯಿತು. ಉರಿಯದೆ ಏನು ಮಾಡೀತು? ಹೋದ ವರ್ಷ ಅವನ ತೋಟದಲ್ಲಿ ರಾತ್ರೋರಾತ್ರಿ ಕಾಯಿ ಕಿತ್ತುಕೊಂಡು ಹೋದಾಗ, "ಕಾಯಿ ಮೇಲೆ ನಿನ್ನ ಹೆಸರಿತ್ತೇನಯ್ಯ?" ಎಂದು ಪೊಲೀಸರು ಕೇಳಿ ಕಳಿಸಿದ್ದರು. ಲೋಡುಗಟ್ಟಲೆ ಮರಳು ಊರ ಮುಂದೆಯೇ ಹೋಗುತ್ತದೆ, ಅದಕ್ಕೆ ಹೆಬ್ಬೆಟ್ಟಿಲ್ಲ. ಬೋರ್‌ವೆಲ್ಲಿನ ಕೇಬಲ್ಲು ಮಾಯವಾಗುತ್ತದೆ, ಅದಕ್ಕೆ ಸೀಲಿಲ್ಲ. ಭಿಕ್ಷುಕನೂ ಬೇಡವೆನ್ನುವ ಹಳೇ ಸೀಡಿಗೆ ಮಾತ್ರ ಸರ್ಕಾರ ಖಜಾನೆಯ ಕಾವಲು ಹಾಕಿತ್ತು!

"ತೆಂಗಿನ್ಕಾಯ್ನ ಅಟ್ಟದ್ ಮ್ಯಾಗೆ ವರ್ಸ ಇಟ್ರೆ ಕೊಬ್ರಿನಾದ್ರೂ ಆಯ್ತದೆ. ಸೀಡೀನ ತಿಂಗ್ಳು ಇಟ್ರೆ ಏನ್ ಆಯ್ತದೆ ಸಾಬ್ರೇ?"

"ಧೂಳಾಯ್ತದೆ" ಎಂದರು ಸಾಬರು ನಿಟ್ಟುಸಿರು ಬಿಟ್ಟು. "ನನ್ ವ್ಯಾಪಾರನೂ ಅಂಗೇ ಆಯ್ತು."

ಒಂದೇ ಒಂದು ಸಲ ತೆಗೆದು ಹಾಕಿ, ಫೋನಿಗೆ ಹಿಡಿದುಕೊಳ್ಳುತ್ತೇನೆ ಎಂದು ಚಿಕ್ಕರಂಗಯ್ಯ ಅಂಗಲಾಚಿದ. ಸಾಬರ ಕಣ್ಣಲ್ಲೂ ನೀರಾಡಿತು. ಆದರೆ ಸೀಲು ಒಡೆಯದೆ ಪೆಟ್ಟಿಗೆಯ ಒಳಗಿಂದಲೇ ಹಾಡಿಸುವ ವಿದ್ಯೆ ಅವರಿಗೂ ಗೊತ್ತಿರಲಿಲ್ಲ.

ಆಗ ರೇವಣಸಿದ್ದಯ್ಯನ ಬುದ್ಧಿ ಓಡಿತು. "ಕದ್ದಿದ್ ಮಾಲು ಅಂದ್ರೆ ವಾಪಸ್ ಕೊಡ್ಬೇಕು ತಾನೆ? ಕದ್ದೋಗದೆ ಅಂತ ಕಂಪ್ಲೇಂಟ್ ಕೊಟ್ಬುಡಾನ ನಡೀಲಾ!"

ಠಾಣೆಯಲ್ಲಿದ್ದ ಪೇದೆ ರಾಜಣ್ಣ ಒಳ್ಳೆಯವನು. ಕಾನೂನು ಬಲ್ಲವನು ಕೂಡ. ಕಳುವಾದ ಸೀಡಿ ಎಲ್ಲಿದೆ ಎಂಬುದು ದೂರು ಕೊಡುವವನಿಗೇ ಗೊತ್ತಿರುವುದನ್ನು ಕಂಡು ಅವನಿಗೆ ಖುಷಿಯಾಯಿತು. ಅಲ್ಲಿಂದಲೇ ಸಾಬರಿಗೆ ಫೋನ್ ಮಾಡಿ, ತಂದುಕೊಟ್ಟವರ ಹೆಬ್ಬೆಟ್ಟು ಯಾರದ್ದೆಂದು ಕೇಳಿದ.

"ಕಳ್ಳಿ ಸಿಕ್ಕುದ್ಲು ಕಣ್ರೀ" ಎಂದ ಫೋನಿಟ್ಟು. "ಬೋರಮ್ಮ ಅಂತೆ, ಹೊನ್ನವಳ್ಳಿಯೋಳು. ಜೀಪ್ ಕಳುಸ್ಲಾ?"

ಚಿಕ್ಕರಂಗಯ್ಯನ ಜೀವ ಬಾಯಿಗೆ ಬಂತು. ಚಪ್ಪರದ ದಿನ ಮದುವೆ ಹೆಣ್ಣಿನ ತಾಯಿಯನ್ನು ಜೀಪಿನಲ್ಲಿ ಕೂರಿಸಿದರೆ ಗಂಡಿನ ಕಡೆಯವರು ಬಂದ ದಾರಿಗೆ ಸುಂಕವಿಲ್ಲ ಅಂತ ವಾಪಸ್ಸು ಹೋಗುತ್ತಾರೆ. "ಬ್ಯಾಡಿ ಸ್ವಾಮಿ, ಅವ್ಳು ನನ್ನೆಂಡ್ರು!" ಎಂದು ಕೈ ಮುಗಿದ.

"ಎಂಡ್ರು ಮ್ಯಾಲೇ ಕಂಪ್ಲೇಂಟಾ? ಭಲೇ ಗಂಡ್ಸು ಕಣಯ್ಯ!"

ಅಷ್ಟರಲ್ಲಿ ರೇವಣಸಿದ್ದಯ್ಯ ಉಪಕಾರಕ್ಕೆಂದು ಬೋರಮ್ಮನಿಗೆ ಫೋನ್ ಮಾಡಿ, ಗಾಬರಿಯಾಗಬೇಡ, ಜೀಪು ಬಂದರೆ ಹತ್ತಬೇಡ ಎಂದು ಹೇಳಿಯಾಗಿತ್ತು. ಆ ಕಡೆಯಿಂದ ಬಂದ ಬೈಗುಳ ಸ್ಪೀಕರ್ ಹಾಕದಿದ್ದರೂ ಠಾಣೆಗೆಲ್ಲ ಕೇಳಿಸಿತು. "ಮನೆಗ್ ಬರ್ಲಿ, ಐತೆ ಅವ್ರಿಗೆ ಅರಿಸ್ನ!" ಎಂಬುದೊಂದು ಅದರಲ್ಲಿ ಬರೆಯುವಂಥ ಮಾತು.

ಕೊನೆಗೆ ರಾಜಣ್ಣನೇ ದಾರಿ ತೋರಿಸಿದ. ಸೀಲು ಒಡೆಯುವ ಅಧಿಕಾರ ಇರುವುದು ಹಳೇ ಸೀಡಿ ಮರುಮಾರಾಟ ನಿಯಂತ್ರಣಾಧಿಕಾರಿಗೆ ಮಾತ್ರ. ಸಂತೆ ಮೈದಾನದ ಪಕ್ಕದಲ್ಲೇ ಅವರ ಹೊಸ ಕಚೇರಿ. ಸಾಬರು ಅಂಗಡಿ ಮುಚ್ಚಿ ಪೆಟ್ಟಿಗೆಯನ್ನು ಹೊತ್ತು ಬಂದರು. ಮೂವರೂ ಕಚೇರಿ ಮುಟ್ಟಿದಾಗ ಅಧಿಕಾರಿ ಊಟಕ್ಕೆ ಹೋಗಿದ್ದರು. ಊಟ ಮುಗಿಸಿ ಮೀಟಿಂಗಿಗೆ ಹೋದರು. ಮೀಟಿಂಗು ಮುಗಿಸಿ ಕಾಫಿಗೆ ಹೋದರು. ಊರಿನಲ್ಲಿ ಚಪ್ಪರಕ್ಕೆ ಸೋಗೆ ಹೊದಿಸಿ ಮುಗಿದಿತ್ತು, ಅರಿಸಿನ ಕಲೆಸಿಟ್ಟು ಹೆಂಗಸರು ಕಾಯುತ್ತಿದ್ದರು. ಚಿಕ್ಕರಂಗಯ್ಯ ಬೆಂಚಿನ ಮೇಲೆ ಕೂತು, ತನ್ನ ತಾಯಿಯ ದನಿಗೆ ತಾನೇ ಅರ್ಜಿ ಹಾಕಬೇಕಾದ ಕಾಲ ಬಂತಲ್ಲ ಎಂದು ಹಲ್ಲು ಕಡಿಯುತ್ತಿದ್ದ.

ಬಂದ ಅಧಿಕಾರಿ ಮಾತ್ರ ಮೆತ್ತಗಿನ ಮನುಷ್ಯ. ಎಲ್ಲರನ್ನೂ ಕೂರಿಸಿದರು.

"ನೋಡಿ ಯಜಮಾನ್ರೇ, ಹಾಡು ಕೇಳೋಕೆ ಅಂದ್ರೆ ತಿಂಗಳು ಕಾಯಲೇಬೇಕು. ಅದಕ್ಕೆ ನಾನೂ ಏನೂ ಮಾಡೋಕಾಗಲ್ಲ. ಆದ್ರೆ ನಿನ್ನೆ ತಾನೇ ಒಂದು ತಿದ್ದುಪಡಿ ಬಂದಿದೆ. ರೈತರು ಬೆಳೆ ಹತ್ರ ಹಕ್ಕಿ ಬೆದರಿಸೋಕೆ ಸೀಡಿ ಕಟ್ತಾರಲ್ಲ, ಅದಕ್ಕೆ ವಿನಾಯಿತಿ. ಅಂಥ ಸೀಡಿ ಕೂಡ್ಲೇ ಕೊಡಬಹುದು. ನೀವು ರೈತರು ತಾನೆ?"

ಸಾಬರ ಮುಖ ಅರಳಿತು. ಅವರ ಗಿರಾಕಿಗಳಲ್ಲಿ ಹಾಡು ಕೇಳುವವರಿಗಿಂತ ಹೊಲಕ್ಕೆ ಕಟ್ಟುವವರೇ ಹೆಚ್ಚು. ಬಿಸಿಲಿಗೆ ಸೀಡಿ ಥಳಥಳ ತಿರುಗಿದರೆ ಹಕ್ಕಿ ಹತ್ತಿರ ಬರುವುದಿಲ್ಲವೆಂದು ಕಂದಿಕೆರೆ ಕಡೆಯವರೆಲ್ಲ ಒಯ್ಯುತ್ತಿದ್ದರು.

"ರೈತ್ನೇ ಸ್ವಾಮಿ! ದಾಳಿಂಬೆ ಹಾಕಿವ್ನಿ!" ಎಂದು ಚಿಕ್ಕರಂಗಯ್ಯ ಎದ್ದು ನಿಂತ.

"ಯಾವ ಹಕ್ಕಿ ಕಾಟ?"

"ನವಿಲು ಸಾ, ಹಿಂಡ್ ಹಿಂಡೇ ಬತ್ತವೆ!" ಎಂದು ರೇವಣಸಿದ್ದಯ್ಯ ಬಾಯಿ ಹಾಕಿದ.

ಅಧಿಕಾರಿ ಪೆನ್ನು ಕೆಳಗಿಟ್ಟರು. "ನವಿಲಾ? ರಾಷ್ಟ್ರಪಕ್ಷಿ ರೀ. ಬೆದರಿಸ್ಬೇಕಾದ್ರೆ ಅರಣ್ಯ ಇಲಾಖೆ ಒಪ್ಪಿಗೆ ತರಬೇಕು."

"ಕಾಗೆ ಸ್ವಾಮಿ, ಕಾಗೆ!" ಎಂದ ಚಿಕ್ಕರಂಗಯ್ಯ, ರೇವಣಸಿದ್ದಯ್ಯನ ಕಾಲು ತುಳಿಯುತ್ತಾ. "ಬರೀ ಕಾಗೆ!"

"ಕಾಗೆಗೆ ಅಡ್ಡಿಯಿಲ್ಲ. ಆದ್ರೆ ಒಂದು ಮಾತು. ಹಾಡು ಕೇಳೋ ಉದ್ದೇಶ ಇಟ್ಕೊಂಡು ಹಕ್ಕಿ ಅಂತ ಸುಳ್ಳು ಹೇಳಿದ್ರೆ ಆರು ತಿಂಗಳು ಜೈಲು. ಯೋಚನೆ ಮಾಡಿ ಹೆಬ್ಬೆಟ್ಟು ಒತ್ತಿ."

ಚಿಕ್ಕರಂಗಯ್ಯ ಯೋಚನೆ ಮಾಡಲಿಲ್ಲ. ಸರ್ಕಾರವೇ ಸುಳ್ಳು ಹೇಳಿಸುವಾಗ ಹೇಳಿದವನ ತಪ್ಪೇನು? ದೇವರಿಗೆ ನಮಸ್ಕಾರ ಮಾಡುವವನಂತೆ ಭಕ್ತಿಯಿಂದ ಹೆಬ್ಬೆಟ್ಟು ಒತ್ತಿದ.

ಅಧಿಕಾರಿ ತಾವೇ ಸೀಲು ಒಡೆದರು. ಸಾಬರು ಹುಡುಕಿ ಒಂದು ಸೀಡಿ ತೆಗೆದರು. ಅದರ ಮೇಲೆ ಚಿಕ್ಕರಂಗಯ್ಯನ ಸೊಟ್ಟ ಅಕ್ಷರದಲ್ಲಿ ‘ಅವ್ವ’ ಎಂದು ಬರೆದಿತ್ತು. ಅವನ ಕಣ್ಣು ಒದ್ದೆಯಾಯಿತು. ಈಗ ಹೊರಟರೆ ದೀಪ ಹಚ್ಚುವ ಹೊತ್ತಿಗೆ ಮನೆ, ಅರಿಸಿನದ ಹೊತ್ತಿಗೆ ಅವ್ವನ ಹಾಡು. ಅವನು ಎರಡೂ ಕೈ ಚಾಚಿದ.

"ಒಂದ್ನಿಮಿಷ" ಎಂದ ಅಧಿಕಾರಿ ಸೀಡಿಯನ್ನು ಪಕ್ಕದ ಮೇಜಿನ ಮೇಲೆ ಇಟ್ಟರು. ಅಲ್ಲಿದ್ದ ಡ್ರಿಲ್ಲಿಂಗ್ ಮಿಷನ್ ಗುರ್ ಎಂದಿತು. ಚಿಕ್ಕರಂಗಯ್ಯ "ಅಯ್ಯಯ್ಯೋ!" ಎನ್ನುವಷ್ಟರಲ್ಲಿ ಸೀಡಿಯ ಹೊಟ್ಟೆಯಲ್ಲಿ ಸಾಲಾಗಿ ಮೂರು ತೂತು ಬಿದ್ದಿದ್ದವು.

"ತಿದ್ದುಪಡಿಯಲ್ಲೇ ಇದೆ" ಎಂದರು ಅಧಿಕಾರಿ, ಪುಡಿಯನ್ನು ಊದುತ್ತಾ. "ಹಕ್ಕಿಗೆ ಅಂತ ಒಯ್ದು ಹಾಡು ಕೇಳಿಬಿಡ್ತಾರೆ, ಜನ ಹಾಗಿದ್ದಾರೆ. ಇನ್ನು ಇದು ಹಾಡಲ್ಲ. ದಾರ ಕಟ್ಟೋಕೂ ಅನುಕೂಲ. ತಗೊಳ್ಳಿ."

ಸಾಬರು ತಲೆ ಮೇಲೆ ಕೈ ಹೊತ್ತರು. ಚಿಕ್ಕರಂಗಯ್ಯ ಕೆಂಡವಾಗಿ, ಮೇಜಿಗೆ ಗುದ್ದಲು ಮುಷ್ಟಿ ಎತ್ತಿದ. ನಾಲಿಗೆಯ ತುದಿಗೆ ಬಂದಿದ್ದ ಮಾತನ್ನು ಅಂದುಬಿಟ್ಟರೆ ಅವನು ಮಗಳ ಧಾರೆಯ ಹೊತ್ತಿಗೆ ಜೈಲಿನಲ್ಲಿರುತ್ತಾನೆ.

ಅಧಿಕಾರಿ ಕನ್ನಡಕ ಸರಿಮಾಡಿಕೊಂಡು ಅವನ ಮುಖ ನೋಡಿದರು. "ಯಾಕ್ರೀ? ಹಾಡು ಕೇಳೋಕೆ ಅಲ್ಲ ತಾನೆ ತಗೊಂಡಿದ್ದು?"

ಎತ್ತಿದ ಮುಷ್ಟಿ ಮೆಲ್ಲಗೆ ಬಿಚ್ಚಿಕೊಂಡಿತು. ಚಿಕ್ಕರಂಗಯ್ಯ ತೂತು ಬಿದ್ದ ಅವ್ವನನ್ನು ಎರಡೂ ಕೈಯಲ್ಲಿ ಇಸಿದುಕೊಂಡ.

"ಅಲ್ಲ ಸ್ವಾಮಿ" ಎಂದ. "ಕಾಗೆಗೆ."