ತಪಸ್ಸುಕಾಲಕ್ಕೆ ನಾನು ಬಿಟ್ಟ ಮಾತ್ರೆ

ತಪಸ್ಸುಕಾಲ ಬಂತೆಂದರೆ ನಮ್ಮ ಕ್ರಿಶ್ಚಿಯನ್ನರ ಮನೆಗಳಲ್ಲಿ ಪ್ರತಿಯೊಬ್ಬರೂ ಏನಾದರೊಂದು ಬಿಡುತ್ತಾರೆ. ಈಸ್ಟರಿನವರೆಗೆ ನಲವತ್ತು ದಿನ. ಒಬ್ಬರು ಮೀನು ಬಿಡುತ್ತಾರೆ, ಒಬ್ಬರು ಬೀರು, ಬಾಯಿ ಜೋರಿದ್ದವರು ಜಗಳ. ನಿವೃತ್ತ ಗಣಿತ ಮಾಸ್ಟ್ರಾದ ನಾನು ಕಳೆದ ವರ್ಷ ಒಂದು ಐತಿಹಾಸಿಕ ತೀರ್ಮಾನ ಕೈಗೊಂಡೆ. ಮಾತ್ರೆ ಬಿಡುವುದು!

ಒಂಬತ್ತು ವರ್ಷದ ಹಿಂದೆ ಕೂಳೂರು ಸೇತುವೆಯ ಮೇಲೆ ನಮ್ಮ ಬಸ್ಸು ಟ್ರಾಫಿಕ್ ಬ್ಲಾಕಿನಲ್ಲಿ ಸಿಕ್ಕಿಬಿದ್ದಾಗ ನನ್ನ ಎದೆ ಡವಡವ ಹೊಡೆದು, ಕತೆ ಮುಗಿಯಿತು ಅನಿಸಿತ್ತು. ಹೃದಯ ಗಟ್ಟಿ ಉಂಟು, ಇದು ಹೆದರಿಕೆಯ ಕಾಯಿಲೆ ಎಂದರು ಡಾಕ್ಟ್ರು. ಅಂದಿನಿಂದ ದಿನಕ್ಕೊಂದು ಮಾತ್ರೆ. ನನ್ನ ಹೆಂಡತಿ ಐರಿನ್‌ಗೆ ಕಾವಲು ಡ್ಯೂಟಿ. ಉಡುಪಿಯ ಅಕ್ಕನ ಮನೆಗೆ ಹೋಗಿ ಅವಳು ಒಂದು ದಿನ ನಿಂತದ್ದಿಲ್ಲ. "ನಿಮ್ಮನ್ನು ಒಬ್ಬರನ್ನೇ ಬಿಟ್ಟು ಹೇಗೆ?" ಎನ್ನುತ್ತಿದ್ದಳು. ಆ ಮಾತು ನನಗೆ ಚುಚ್ಚುತ್ತಿತ್ತು. ಈಸ್ಟರಿನ ದಿನ ಎದೆಯುಬ್ಬಿಸಿ ನಿಂತು, "ಹೋಗು ಮಾರಾಯ್ತಿ, ನಾನು ಗುಣವಾದೆ" ಎನ್ನಬೇಕು. ಅದೇ ನನ್ನ ಮಹಾಯೋಜನೆ.

ಐರಿನ್ ಮೂವತ್ತು ವರ್ಷ ನರ್ಸ್ ಆಗಿದ್ದವಳು. ಒಂದು ಮಾತು ಕೇಳಬಹುದಿತ್ತು. ಕೇಳಲಿಲ್ಲ! ತಪಸ್ಸು ಗುಟ್ಟಾಗಿರಬೇಕಲ್ಲ? ಊಟದ ನಂತರ ಅವಳು ಬಟ್ಟಲ ಬದಿಯಲ್ಲಿಟ್ಟ ಮಾತ್ರೆಯನ್ನು ಬಾಯಿಗೆ ಹಾಕಿದಂತೆ ನಟಿಸಿ ಮುಷ್ಟಿಯಲ್ಲಿ ಅಡಗಿಸುತ್ತಿದ್ದೆ. ಆಮೇಲೆ ಅದು ಚರ್ಚಿನವರು ಕೊಟ್ಟ ರಟ್ಟಿನ ಡಬ್ಬಿಗೆ. ತಪಸ್ಸುಕಾಲದಲ್ಲಿ ಬಿಟ್ಟದ್ದರ ಉಳಿತಾಯವನ್ನು ಬಡವರಿಗೆಂದು ಹಾಕುವ ಡಬ್ಬಿ ಅದು. ನಾನು ಬಿಟ್ಟದ್ದು ಮಾತ್ರೆ, ಉಳಿದದ್ದೂ ಮಾತ್ರೆ. ನನ್ನ ಗಣಿತದಲ್ಲಿ ತಪ್ಪೇ ಇಲ್ಲ!

ಮೊದಲ ದಿನ ಏನೂ ಆಗಲಿಲ್ಲ. ಎರಡನೇ ದಿನ ನಿದ್ದೆ ಹೋಯಿತು. ಮೂರನೇ ದಿನ ಕೈಯಲ್ಲಿದ್ದ ಚಹಾದ ಕಪ್ಪು ತಾನಾಗಿಯೇ ತಾಳ ಹಾಕತೊಡಗಿತು. ನಾಲ್ಕನೇ ದಿನ ಪಕ್ಕದ ಮನೆಯ ಸದಾನಂದಣ್ಣ ಮಿಕ್ಸಿ ತಿರುಗಿಸಿದ್ದಕ್ಕೆ ಕಾಂಪೌಂಡಿನ ಈಚೆಯಿಂದ ಬೊಬ್ಬೆ ಹೊಡೆದೆ.

"ಎಂತ ಮಾಸ್ಟ್ರೇ, ಚಟ್ನಿ ಮಾರಾಯ್ರೆ, ಬಾಂಬಲ್ಲ!" ಎಂದರು ಅವರು. "ಈ ಸಲ ಎಂತ ಬಿಟ್ಟದ್ದು, ಮರ್ಯಾದೆಯಾ?"

ಭಾನುವಾರ ಬಂತು. ತಪಸ್ಸುಕಾಲದ ನಲವತ್ತು ದಿನಗಳಲ್ಲಿ ಭಾನುವಾರ ಲೆಕ್ಕಕ್ಕಿಲ್ಲ. ಮೀನು ಬಿಟ್ಟವರು ಅಂದು ಧಾರಾಳವಾಗಿ ಮೀನು ತಿನ್ನುತ್ತಾರೆ. ಶಾಸ್ತ್ರ ಎಂದರೆ ಶಾಸ್ತ್ರ! ನಾನೂ ಮಾತ್ರೆ ತಿಂದೆ. ಸೋಮವಾರದಿಂದ ಮತ್ತೆ ವ್ರತ.

ಶುಕ್ರವಾರ ಚರ್ಚಿನಲ್ಲಿ ಶಿಲುಬೆಯ ಹಾದಿ. ಯೇಸುವಿನ ಕಷ್ಟದ ಹದಿನಾಲ್ಕು ಚಿತ್ರಗಳು, ಒಂದೊಂದಕ್ಕೂ ಮೊಣಕಾಲೂರಿ ಪ್ರಾರ್ಥನೆ. ನನಗೆ ಬೆವರು ಸುರಿಯುತ್ತಿತ್ತು, ಕಾಲು ಗಡಗಡ ನಡುಗುತ್ತಿತ್ತು. ಮೂರನೆಯ ಚಿತ್ರಕ್ಕೆ ಫಾದರ್, "ಯೇಸು ಮೊದಲ ಸಲ ಬೀಳುತ್ತಾರೆ" ಎಂದು ಓದಿದರು.

ನಾನೂ ಬಿದ್ದೆ!

ಹಿಂದಿನ ಬೆಂಚಿನ ಅಜ್ಜಿಯೊಬ್ಬರು, "ಎಂಥ ಭಕ್ತಿ ದೇವರೇ!" ಎಂದು ಕಣ್ಣೊರೆಸಿಕೊಂಡರು. ಐರಿನ್ ಮಾತ್ರ ನನ್ನ ನಾಡಿ ಹಿಡಿದು, "ಮಾತ್ರೆ ಎಲ್ಲಿ ಹಾಕಿದ್ರಿ?" ಎಂದಳು. ಡಬ್ಬಿಯ ವಿಷಯ ಬಾಯಿಬಿಟ್ಟೆ. ಮನೆಗೆ ಹೋಗಿ ಡಬ್ಬಿ ಹರಿದರೆ ಎಂಟು ಮಾತ್ರೆ! ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ, ಅತ್ತಳು. ನನಗೆ ಅಷ್ಟು ನಾಚಿಕೆ ಜೀವಮಾನದಲ್ಲಿ ಆಗಿರಲಿಲ್ಲ.

ರಿಕ್ಷಾ ಹಿಡಿದು ನೇರ ಫಳ್ನೀರಿಗೆ, ನಮ್ಮ ಡಾಕ್ಟ್ರ ಹತ್ತಿರ.

"ಯಾರು ನಿಲ್ಲಿಸ್ಲಿಕ್ಕೆ ಹೇಳಿದ್ದು?" ಎಂದರು ಡಾಕ್ಟ್ರಮ್ಮ.

"ದೇವರಿಗೆ ಒಪ್ಪಿಸಿದೆ ಡಾಕ್ಟ್ರೆ."

"ನನಗೂ ಒಂದು ಫೋನ್ ಮಾಡಬಹುದಿತ್ತಲ್ಲ? ಮೀನು ಬಿಟ್ಟರೆ ಮೀನಿಗೆ ಲಾಭ. ಇಷ್ಟು ವರ್ಷ ತಿಂದ ಈ ಮಾತ್ರೆ ಒಮ್ಮೆಲೇ ಬಿಟ್ಟರೆ ಫಿಟ್ಸ್ ಬರಬಹುದು, ಜೀವಕ್ಕೇ ಅಪಾಯ!"

"ಭಾನುವಾರ ತಿಂದಿದ್ದೇನೆ" ಎಂದೆ ಧೈರ್ಯದಿಂದ. ಡಾಕ್ಟ್ರು ಪೆನ್ನು ಕೆಳಗಿಟ್ಟು ಐರಿನ್ ಮುಖ ನೋಡಿದರು.

"ಹಾಗಾದರೆ ಸಾಯುವವರೆಗೆ ತಿನ್ನಬೇಕಾ?" ಎಂದೆ.

"ಅದು ಯಾರು ಹೇಳಿದ್ದು? ಬಿಡ್ಲಿಕ್ಕೆ ಆಗ್ತದೆ. ಮೊದಲು ಸರಿಯಾಗಿ ತಿಂದು ಸುಧಾರಿಸಿಕೊಳ್ಳಿ. ಮತ್ತೆ ನಾನು ಹೇಳಿದ ಹಾಗೆ ಸ್ವಲ್ಪ ಸ್ವಲ್ಪ ಕಡಿಮೆ ಮಾಡುವ. ಕಷ್ಟ ಆದರೆ ಅಲ್ಲೇ ನಿಲ್ಲುವ."

"ಈಸ್ಟರಿಗೆ ಮುಗಿಯಬಹುದಾ?"

"ಯಾವ ವರ್ಷದ್ದು ಎಂದು ಮಾತ್ರ ಕೇಳಬೇಡಿ!"

ಹಾಗೆ ಇಳಿಸುತ್ತಾ ಬಂದೆವು. ಒಂದೊಂದು ಸಲ ಇಳಿಸಿದಾಗಲೂ ನಾಲ್ಕು ದಿನ ತಳಮಳ, ಮತ್ತೆ ಸಮಾಧಾನ. ಒಮ್ಮೆ ಎರಡು ತಿಂಗಳು ಇದ್ದಲ್ಲೇ ಇದ್ದೆವು. ಮೊನ್ನೆ ಮೊನ್ನೆ ಅರ್ಧಕ್ಕೆ ಬಂದು ಮುಟ್ಟಿತು. ಡಾಕ್ಟ್ರೇ, "ಈಗ ಇವರನ್ನು ಒಬ್ಬರನ್ನೇ ಬಿಡಬಹುದು" ಎಂದು ಅಪ್ಪಣೆ ಕೊಟ್ಟರು. ಬಿಜೈ ಬಸ್‌ಸ್ಟ್ಯಾಂಡಿಗೆ ಹೋಗಿ ಐರಿನ್‌ಳನ್ನು ಉಡುಪಿ ಬಸ್ಸು ಹತ್ತಿಸಿದೆ. ಮೂರು ದಿನ ಒಬ್ಬನೇ! ಒಮ್ಮೆ ಎದೆ ಡವಗುಟ್ಟಿತು. ಕೂತು ನಿಧಾನ ಉಸಿರಾಡಿದೆ, ಹೋಯಿತು. ಸಂತೋಷದಿಂದ ನನಗೆ ಅಳುವೇ ಬಂತು.

ಅವಳು ತಿರುಗಿ ಬಂದಾಗ ಬಾಗಿಲಲ್ಲೇ ನಿಂತು, "ನನಗೆ ಒಂಚೂರೂ ಹೆದರಿಕೆ ಆಗಲಿಲ್ಲ. ನೀನು ಅಲ್ಲಿ ಎಷ್ಟು ಚಿಂತೆ ಮಾಡಿದೆಯೋ ಏನೋ!" ಎಂದೆ.

"ಸತ್ಯ ಹೇಳ್ಲಾ?" ಚೀಲ ಕೆಳಗಿಡುತ್ತಾ ನಕ್ಕಳು. "ಮೂರು ದಿನ ನಿಮ್ಮ ನೆನಪೇ ಆಗ್ಲಿಲ್ಲ ಮಾರಾಯ್ರೆ!"

ಅಂತೂ ನನ್ನ ಕಾಯಿಲೆಯಿಂದ ನನ್ನ ಹೆಂಡತಿ ಸಂಪೂರ್ಣ ಗುಣವಾದಳು. ನನಗೆ ಇನ್ನೂ ಅರ್ಧ ಮಾತ್ರೆ ಬಾಕಿ ಉಂಟು.