ಅತ್ತೆಯ ಮೂಗುತಿಯೂ ನನ್ನ ಗ್ರಾಫಿಕ್ಸ್ ಟ್ಯಾಬ್ಲೆಟ್ಟೂ

ಮೌಸ್ ಹಿಡಿದು ಫೋಟೊ ತಿದ್ದುವವರನ್ನು ಕಂಡರೆ ನನಗೆ ಮೊದಲಿನಿಂದಲೂ ತಾತ್ಸಾರ. ಸೋಪಿನ ಬಿಲ್ಲೆ ಹಿಡಿದು ಯಾರಾದರೂ ಚಿತ್ರ ಬರೆಯುತ್ತಾರೆಯೇ? ನನ್ನ ಭಾವಮೈದುನ ಸುಧಾಕರನಂತೂ ಇನ್ನೂ ಒಂದು ಮೆಟ್ಟಿಲು ಕೆಳಗೆ. ಅಂಧೇರಿಯಲ್ಲಿ ಹೋಟೆಲ್ ನಡೆಸುವ ಅವನು ದೋಸೆಯ ಫೋಟೊಗಳನ್ನು ಮೊಬೈಲಿನಲ್ಲೇ ಹೆಬ್ಬೆರಳಿನಿಂದ ತಿದ್ದುತ್ತಾನೆ. ಹೆಬ್ಬೆರಳು! ಸಹಿ ಮಾಡಲು ಬಾರದವರು ಒತ್ತುವ ಬೆರಳು!

ಹಾಗಾಗಿ ಅತ್ತೆಯವರ ಎಪ್ಪತ್ತೈದನೆಯ ಹುಟ್ಟುಹಬ್ಬಕ್ಕೆ ಸಮಾರಂಭದ ಹಾಲಿನಲ್ಲಿ ಆಳೆತ್ತರದ ಫೋಟೊ ಹಾಕುವುದೆಂದು ತೀರ್ಮಾನವಾದಾಗ ಆ ಹೊಣೆಯನ್ನು ನಾನೇ ಹೊತ್ತೆ. ಫೋಟೊ ನಾನೇ ತೆಗೆದದ್ದು. ಅತ್ತೆ ಬಾಯಿ ತುಂಬ ನಕ್ಕ ಒಂದೇ ಒಂದು ಫೋಟೊ ಅದು. ತೊಂದರೆಯೆಂದರೆ, ಅವರ ತಲೆಯ ಹಿಂದೆ ಒಂದು ಸ್ಟ್ಯಾಂಡ್ ಫ್ಯಾನ್ ನಿಂತಿತ್ತು.

"ಫ್ಯಾನ್ ತೆಗೆಯಲು ಸುಧಾಕರನಿಗೆ ಹೇಳಿದ್ರೆ ಐದು ನಿಮಿಷ" ಎಂದಳು ಹೆಂಡತಿ ಶಾರದೆ.

"ಇದು ಹೆಬ್ಬೆರಳಿನ ಕೆಲಸವಲ್ಲ. ಗ್ರಾಫಿಕ್ಸ್ ಟ್ಯಾಬ್ಲೆಟ್ ಬೇಕು. ಪೆನ್ನಿನಿಂದ ತಿದ್ದುವುದು. ಅದು ಕಲೆ" ಎಂದೆ.

ಘಾಟ್ಕೋಪರಿನ ಅಂಗಡಿಯ ರಫೀಕ್ ಭಾಯಿ ವಿಜಯಪುರದ ಕಡೆಯವರು. ನನ್ನ ಕನ್ನಡ ಕೇಳಿ ಖುಷಿಯಾಗಿ, "ಸಾಹೇಬ್ರ, ಮೊದಲನೇ ಸಲ ತಗೋಳಾಕತ್ತೀರಿ. ಸಣ್ಣದು ಸಾಕ್ರಿ. ಕೈ ಕುಂದ್ರಲಿ, ಆಮ್ಯಾಲ ದೊಡ್ಡದು ನೋಡೋಣು" ಎಂದರು.

ಸಣ್ಣದು! ನನ್ನಂಥವನಿಗೆ! ವ್ಯಾಪಾರ ಬಾರದ ಮನುಷ್ಯನೆಂದು ಮನಸ್ಸಿನಲ್ಲೇ ಕನಿಕರಪಟ್ಟು, ಇದ್ದುದರಲ್ಲೇ ಅತಿ ದೊಡ್ಡದನ್ನು ಆರಿಸಿದೆ. ಅವರು ಇನ್ನೇನೋ ವಿವರಿಸಲು ಬಾಯಿ ತೆರೆದರು. "ಗೊತ್ತು, ಗೊತ್ತು" ಎಂದು ಹೊರಟೆ. ಲೋಕಲ್ ರೈಲಿನಲ್ಲಿ ಪಕ್ಕದವನೊಬ್ಬ ಡಬ್ಬ ನೋಡಿ, "ಭಾವೂ, ಕ್ಯಾರಮ್ ಬೋರ್ಡ್ ಹೈ ಕ್ಯಾ?" ಎಂದು ಕೇಳಿದ. ಅಜ್ಞಾನಿಗಳ ಜೊತೆ ಮಾತಾಡುವುದು ನನ್ನ ಸ್ವಭಾವವಲ್ಲ. ಮುಲುಂಡ್ ಬರುವವರೆಗೆ ಕಿಟಕಿಯ ಕಡೆ ನೋಡಿದೆ.

ಮನೆಗೆ ಬಂದು ತಂತಿ ಸಿಕ್ಕಿಸಿದೆ. ಟ್ಯಾಬ್ಲೆಟ್ ಹೊತ್ತಿಕೊಳ್ಳಲಿಲ್ಲ. ತಟ್ಟಿದೆ, ಒರೆಸಿದೆ, ತಿರುವಿ ಹಾಕಿದೆ. ಕಪ್ಪು ಹಲಗೆ ಕಪ್ಪಾಗಿಯೇ ಉಳಿಯಿತು. ಮರುದಿನ ಕೆಂಡವಾಗಿ ಅಂಗಡಿಗೆ ಹೋಗಿ, ನಾಲ್ಕು ಗಿರಾಕಿಗಳ ಎದುರು, "ಸತ್ತ ಮಾಲು ಮಾರುತ್ತೀರಾ?" ಎಂದು ಗುಡುಗಿದೆ.

ರಫೀಕ್ ಭಾಯಿ ಮೆತ್ತಗೆ ಹೇಳಿದರು, "ಇದಕ್ಕ ಸ್ಕ್ರೀನ್ ಇರೂದಿಲ್ರೀ ಸಾಹೇಬ್ರ. ಪೆನ್ ಇದರ ಮ್ಯಾಲ ಆಡಸ್ರಿ, ಕಣ್ಣು ಕಂಪ್ಯೂಟರ್ ಮ್ಯಾಲ ಇಡ್ರಿ. ಸ್ಕ್ರೀನ್ ಇರೂದು ಬ್ಯಾರೆ ಬರ್ತೈತಿ."

"ನನಗೆ ಗೊತ್ತಿತ್ತು. ನಿಮಗೆ ಗೊತ್ತಿದೆಯೋ ಇಲ್ಲವೋ ನೋಡಿದೆ" ಎಂದೆ.

ಅವರು ಚಹಾ ತರಿಸಿಕೊಟ್ಟರು. ಅಷ್ಟು ಕಹಿಯಾದ ಸಿಹಿ ಚಹಾ ನಾನು ಕುಡಿದಿಲ್ಲ.

ಟ್ಯಾಬ್ಲೆಟ್ ನನ್ನ ಮೇಜಿನ ಮೇಲೆ ಹಿಡಿಸಲಿಲ್ಲ. ಊಟದ ಮೇಜನ್ನು ಸ್ವಾಧೀನಪಡಿಸಿಕೊಂಡೆ. ಕಂಪ್ಯೂಟರಿನ ಬಾಣವನ್ನು ಈ ಮೂಲೆಯಿಂದ ಆ ಮೂಲೆಗೆ ಒಯ್ಯಬೇಕಾದರೆ ಭುಜದಿಂದಲೇ ಕೈ ಬೀಸಬೇಕು.

"ಎಂತ ಮಾರಾಯ್ರೆ, ಮೇಜು ಒರೆಸ್ತಾ ಇದ್ದೀರಾ?" ಎಂದಳು ಶಾರದೆ, ತಟ್ಟೆ ಹಿಡಿದು ನಿಂತು.

ಎರಡು ದಿನ ಹೋರಾಡಿ ಫ್ಯಾನ್ ತೆಗೆದೆ. ಅಲ್ಲಿಗೆ ನಿಲ್ಲಿಸಿದ್ದರೆ ಈ ಬರಹ ಇರುತ್ತಿರಲಿಲ್ಲ. ಕಲಾವಿದನಿಗೆ ತೃಪ್ತಿ ಎಲ್ಲಿ? ಫೋಟೊವನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ಅತ್ತೆಯ ಕೆನ್ನೆ ಭೂಪಟದಂತೆ ಪರದೆಯ ತುಂಬ ಹರಡಿತು. ಒಂದೊಂದೇ ಕಲೆ ಅಳಿಸಿದೆ. ಒಂದು ಕಡೆ ಬಿಳಿಯ ಚುಕ್ಕೆಯೊಂದು ಫಳಫಳ ಹೊಳೆಯುತ್ತಿತ್ತು. ಫ್ಲಾಶಿನ ಬೆಳಕು ಬಿದ್ದಿದೆ ಎಂದುಕೊಂಡು ಅದನ್ನೂ ಒರೆಸಿದೆ. ಎಂಥ ಸಫಾಯಿ! ಯಾರಿಗೂ ತೋರಿಸದೆ ನೇರ ಪ್ರಿಂಟಿಗೆ ಕೊಟ್ಟೆ. ಅಭಿಪ್ರಾಯ ಕೇಳುವುದು ಹೆದರುವವರ ಲಕ್ಷಣ.

ಹುಟ್ಟುಹಬ್ಬದ ದಿನ ಹಾಲಿನಲ್ಲಿ ಫೋಟೊಗೆ ಹೊದಿಸಿದ್ದ ಬಟ್ಟೆ ಸರಿಸಿದೆ. ಚಪ್ಪಾಳೆಗೆ ಕಾದೆ. ಮುಂದಿನ ಸಾಲಿನ ಹೆಂಗಸರು ಪರಸ್ಪರ ಮೊಣಕೈ ತಿವಿದುಕೊಂಡರು.

ಶಾರದೆ ನನ್ನ ತೋಳು ಹಿಡಿದಳು. "ಅಮ್ಮನ ಮೂಗುತಿ ಎಲ್ಲಿ?"

ಮದುವೆಯಾದ ದಿನದಿಂದ ಅತ್ತೆ ತೆಗೆಯದ ಮೂಗುತಿ. ಕಣ್ಣಿನ ಆಪರೇಷನ್ನಿಗೂ ತೆಗೆಯಲು ಒಪ್ಪದ ಮೂಗುತಿ. ಆ ಫಳಫಳ ಚುಕ್ಕೆ!

ಮೊದಲ ಕುರ್ಚಿಯಲ್ಲಿದ್ದ ಮಾವ ಕನ್ನಡಕ ಸರಿಪಡಿಸಿಕೊಂಡು ಫೋಟೊ ನೋಡಿದರು. ಮತ್ತೆ ನನ್ನನ್ನು ನೋಡಿದರು. ಇಡೀ ಹಾಲಿಗೆ ಕೇಳುವಂತೆ, "ಅಳಿಯಂದ್ರೇ, ನಾನಿನ್ನೂ ಬದುಕಿದ್ದೇನಲ್ಲ!" ಎಂದರು.

ನಗು ಎಲ್ಲಿಂದ ಹೊರಟಿತೋ ಗೊತ್ತಿಲ್ಲ, ಅಡುಗೆಯವರ ತನಕ ಹೋಯಿತು. ನಾನು ಹಿಂಬಾಗಿಲು ಎಲ್ಲಿದೆ ಎಂದು ಹುಡುಕತೊಡಗಿದೆ. ಆದರೆ ಅತ್ತೆ ಪರ್ಸಿನಿಂದ ಹರಳಿನ ಬಿಂದಿಯೊಂದನ್ನು ತೆಗೆದು ನನ್ನ ಕೈಗಿತ್ತರು. "ಇದನ್ನು ಮೂಗಿಗೆ ಅಂಟಿಸಿ. ಸುಮ್ಮನೆ ಅಪಶಕುನ ಬೇಡ."

ಎಲ್ಲರೆದುರು ಕುರ್ಚಿ ಹತ್ತಿದೆ. ಬಹಳ ಗಂಭೀರವಾಗಿ ಬಿಂದಿಯನ್ನು ಒತ್ತಿ ಅಂಟಿಸಿದೆ.

ಅತ್ತೆ ತಮ್ಮ ಮೂಗು ಮುಟ್ಟಿಕೊಂಡರು. "ಅದು ಬಲ, ಅಳಿಯಂದ್ರೇ. ನನ್ನದು ಎಡ. ನೀವು ಇಳೀರಿ, ಬೇರೆ ಯಾರಾದ್ರೂ ಹತ್ತಲಿ."

ಶಾರದೆ ಹತ್ತಿದಳು. ಕುರ್ಚಿ ಅಲುಗದಂತೆ ಹಿಡಿದುಕೊಳ್ಳುವ ಕೆಲಸ ನನಗೆ ಬಂತು. ಆ ವಾರದಲ್ಲಿ ನಾನು ತಪ್ಪಿಲ್ಲದೆ ಮಾಡಿದ ಕೆಲಸ ಅದೊಂದೇ!