ಶಿರಸಿ ವೈರು, ಚಂದಗುಳಿ ಗಂಟೆ

ಹಳೆಯ ಬೈಕಿನವರ ಜೊತೆ ವ್ಯವಹಾರ ಇಟ್ಟುಕೊಂಡವನಿಗೆ ನಗುವುದಕ್ಕೆ ಬೇರೆ ಏರ್ಪಾಡು ಬೇಡ. ಅದು ತಾನಾಗಿಯೇ ಅಂಗಡಿ ಮೆಟ್ಟಿಲು ಹತ್ತಿ ಬರುತ್ತದೆ, ಕೆಲವೊಮ್ಮೆ ಬಸ್ಸಿನಲ್ಲೂ ಬರುತ್ತದೆ.

ನನ್ನದು ಶಿರಸಿಯಲ್ಲೊಂದು ಮಳಿಗೆ. ಮಳಿಗೆ ಎಂದರೆ ದೊಡ್ಡ ಮಾತಾಯಿತು. ಒಳಗೆ ನಾನು, ಹೊರಗೆ ಗಿರಾಕಿ, ಅಷ್ಟೇ ಜಾಗ. ಈಗ ಎಲ್ಲೂ ಸಿಗದ ಹಳೆಯ ಗಾಡಿಗಳ ಕ್ಲಚ್, ಬ್ರೇಕ್, ಆಕ್ಸಿಲರೇಟರ್ ವೈರುಗಳನ್ನು ಕೈಯಲ್ಲೇ ಮಾಡಿಕೊಡುತ್ತೇನೆ. ಉಕ್ಕಿನ ಎಳೆ ಆರಿಸಿ, ಹೊರಕವಚ ಕತ್ತರಿಸಿ, ತುದಿಗೆ ಹಿತ್ತಾಳೆಯ ಗುಂಡು ಕೂರಿಸಿ ಬೆಸುಗೆ ಹಾಕುವ ಕೆಲಸ. ಶುರುಮಾಡಿದಾಗ ಹೆಂಡತಿ ಒಂದೇ ಕರಾರು ಹಾಕಿದ್ದಳು: ಮುಂದಿನ ಮಳೆಗಾಲದೊಳಗೆ ಅಂಗಡಿ ಕಾಲೂರಿದರೆ ಸರಿ, ಇಲ್ಲದಿದ್ದರೆ ಹುಬ್ಬಳ್ಳಿಗೆ ಹೋಗಿ ಅವಳ ಅಣ್ಣನ ಹಾರ್ಡ್‌ವೇರ್ ಅಂಗಡಿ ಸೇರುವುದು. ಆ ಭಾವ ಬಹಳ ಒಳ್ಳೆಯವರು. ಅಷ್ಟು ಒಳ್ಳೆಯವರ ಕೈಕೆಳಗೆ ದುಡಿಯುವುದು ನನ್ನಿಂದಾಗದು. ಅದಕ್ಕೇ ಯಲ್ಲಾಪುರದ ಹತ್ತಿರದ ಚಂದಗುಳಿಯಲ್ಲಿ ಹರಕೆಯ ಗಂಟೆ ಕಟ್ಟಿಸಿಕೊಳ್ಳುವ ಘಂಟಿಗಣೇಶನಿಗೆ ಮನಸ್ಸಿನಲ್ಲೇ ಹೇಳಿಕೊಂಡೆ: ಅಂಗಡಿ ಉಳಿಸು, ನಿನಗೊಂದು ಗಂಟೆ ಕಟ್ಟುತ್ತೇನೆ.

ಹ್ಯಾಂಡಲ್ಲಿನ ಪ್ರಯಾಣ

ಮೊದಲ ಗಿರಾಕಿ ದಾಸನಕೊಪ್ಪದ ರೈತರು. ಕ್ಲಚ್ ವೈರ್ ಮಾಡಿಸಬೇಕೆಂದು ಫೋನ್ ಮಾಡಿದ್ದರು. "ಹಳೇದನ್ನ ಬಿಚ್ಚಿ ತನ್ನಿ, ಅದೇ ಅಳತೆಗೆ ಮಾಡ್ತೇನೆ" ಅಂದಿದ್ದೆ. ಮರುದಿನ ಬಸ್ಸಿಳಿದು ಬಂದವರ ಕೈಯಲ್ಲಿ ಇಡೀ ಹ್ಯಾಂಡಲ್! ಕನ್ನಡಿ, ಹಾರ್ನ್ ಬಟನ್ ಸಮೇತ.

"ವೈರ್ ಬಿಚ್ಚಾಕ ಬರಲಿಲ್ರಿ ಅಣ್ಣಾರ. ತುಕ್ಕು ಹಿಡದು ಕುಂತಿತ್ತು. ಅದಕ್ಕ ಇದನ್ನ ತಂದೇನ್ರಿ."

"ವೈರಿನ ಇನ್ನೊಂದು ತುದಿ?"

"ಕತ್ತರಿಸಿದೆ ನೋಡ್ರಿ. ಅದು ಗಾಡ್ಯಾಗ ಐತಿ."

ಬಸ್ಸಿನಲ್ಲಿ ಕಿಟಕಿ ಪಕ್ಕ ಹ್ಯಾಂಡಲ್ ಹಿಡಿದು ಕೂತಿದ್ದರಂತೆ. ಪ್ರತಿ ತಿರುವಿನಲ್ಲೂ ಕೈ ತನ್ನಷ್ಟಕ್ಕೇ ತಿರುಗುತ್ತಿತ್ತಂತೆ. ಕಂಡಕ್ಟರ್ ನೋಡಿ, "ಯಜಮಾನ್ರೇ, ನೀವೇ ಓಡಿಸೋದಾದ್ರೆ ಟಿಕೆಟ್ ಬ್ಯಾಡ" ಅಂದನಂತೆ.

ವೈರಿನ ಅಳತೆ ಹ್ಯಾಂಡಲ್ ಒಂದನ್ನೇ ನೋಡಿ ಸಿಗುವಂಥದ್ದಲ್ಲ. ಅದು ಟ್ಯಾಂಕಿನ ಅಡಿಯಲ್ಲಿ ಹಾದು ಹೋಗಬೇಕು, ಹ್ಯಾಂಡಲ್ ಆ ಕಡೆ ಈ ಕಡೆ ಪೂರ್ತಿ ತಿರುಗಿಸಿದರೂ ಎಳೆಯಬಾರದು. ಬೇರೆ ದಾರಿಯಿಲ್ಲದೆ ಅವರನ್ನು ನನ್ನ ಬೈಕಿನ ಹಿಂದೆ ಕೂರಿಸಿಕೊಂಡು ದಾಸನಕೊಪ್ಪಕ್ಕೆ ಹೊರಟೆ. ಹಿಂದೆ ಅವರು ತಮ್ಮ ಹ್ಯಾಂಡಲ್ಲನ್ನು ಎರಡೂ ಕೈಯಲ್ಲಿ ಎದೆಮಟ್ಟಕ್ಕೆ ಹಿಡಿದಿದ್ದರು. ದಾರಿಯಲ್ಲಿ ಪೊಲೀಸಿನವರು ಕೈ ಅಡ್ಡ ಹಿಡಿದರು. ಇಬ್ಬರನ್ನೂ ಬಹಳ ಹೊತ್ತು ನೋಡಿ ಕೇಳಿದರು: "ಲೈಸೆನ್ಸ್ ಯಾರದ್ದು ನೋಡಬೇಕು?"

ಮನೆಗೆ ಹೋದಮೇಲೆ ಅಳತೆ ತೆಗೆಯಲು ಹತ್ತು ನಿಮಿಷ, ರೊಟ್ಟಿ ಎಣ್ಣೆಗಾಯಿ ಊಟಕ್ಕೆ ಒಂದು ತಾಸು ಹಿಡಿಯಿತು. ದಾಸನಕೊಪ್ಪದ ದಾರಿಯ ಅರ್ಧ ಹಳೆಯ ಗಾಡಿಗಳನ್ನು ಆಮೇಲೆ ನನ್ನ ಬಾಗಿಲಿಗೆ ಕಳಿಸಿದವರು ಅವರೇ. ಈಗಲೂ ಆ ದಾರಿಯಲ್ಲಿ ಹೋದರೆ ಅವರಿಗೊಂದು ನಮಸ್ಕಾರ ಹಾಕದೆ ಮುಂದೆ ಹೋಗುವುದಿಲ್ಲ. ಹ್ಯಾಂಡಲ್ ಮಾತ್ರ ಬಿಚ್ಚಬೇಡಿ ಎಂದು ಕೈಮುಗಿದು ಬರುತ್ತೇನೆ.

ಬಚ್ಚಲ ಒಲೆಯ ಮುಂದೆ

ಎರಡನೆಯವರು ಸಿದ್ದಾಪುರದ ನಿವೃತ್ತ ಮೇಷ್ಟ್ರು. ಹಳೆಯ ಬುಲೆಟ್ಟಿಗೆ ಆಕ್ಸಿಲರೇಟರ್ ವೈರ್ ಹಾಕಿಸಿಕೊಂಡರು. "ಆಗಾಗ ಎಣ್ಣೆ ಕುಡಿಸ್ತಾ ಇರಿ. ವೈರನ್ನು ನೇತುಹಾಕಿ, ಮೇಲಿನ ತುದಿಗೆ ಕಾಗದದ ಕೊಳವೆ ಸುತ್ತಿ, ಹನಿ ಹನಿ ಬಿಡಿ" ಎಂದು ಹೇಳಿಕೊಟ್ಟೆ. ಯಾವ ಎಣ್ಣೆ ಎಂದು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಚಳಿಗಾಲದಲ್ಲಿ ಅವರ ಹೆಂಡತಿಯ ಫೋನು ಬಂತು. "ತಮ್ಮಾ, ನೀ ಎಂತ ಮಾಡಿಕೊಟ್ಟಿದ್ದೆ? ದಿನಾ ಬೆಳಿಗ್ಗೆ ಇವ್ರು ಗಾಡಿನ ಬಚ್ಚಲ ಒಲೆ ಮುಂದೆ ತಂದು ನಿಲ್ಸ್ತ. ಅದು ಚಳಿ ಕಾಯ್ಸಿ ಮುಗಿಯವರೆಗೆ ನಂಗೆ ಮೀಯಲೆ ಜಾಗ ಇಲ್ಲೆ!"

ಹೋಗಿ ಬಿಚ್ಚಿದೆ. ಮನೆಯ ಗಾಣದ ಶುದ್ಧ ಕೊಬ್ಬರಿ ಎಣ್ಣೆ! ಚಳಿಗೆ ಹೆಪ್ಪುಗಟ್ಟಿ ವೈರು ಅಲ್ಲಾಡುತ್ತಿರಲಿಲ್ಲ. ಸೀಮೆಎಣ್ಣೆಯಲ್ಲಿ ತೊಳೆದು, ಮೆಷಿನ್ ಎಣ್ಣೆ ಬಿಟ್ಟು, ಸರಾಗ ಮಾಡಿಕೊಟ್ಟೆ. ಮೇಷ್ಟ್ರು ಮೂಸಿ ನೋಡಿ ಮುಖ ಹುಳ್ಳಗೆ ಮಾಡಿದರು. "ಕೆಲಸ ಸರಿ ಆತು. ಆದ್ರೆ ಮೊದ್ಲು ಎಷ್ಟು ಘಮ್ಮ್ ಹೇಳ್ತಿತ್ತು!"

ಹೊರಡುವಾಗ ಆ ತಾಯಿ ನನ್ನ ಕೈಗೊಂದು ಬಾಟಲಿ ಅದೇ ಕೊಬ್ಬರಿ ಎಣ್ಣೆ ಇಟ್ಟು, ಬಾಗಿಲ ತನಕ ಬಂದು ಹೇಳಿದರು: "ಇದು ಹೆಂಡ್ತಿ ತಲೆಗೆ, ಗೊತ್ತಾತಾ? ಗಾಡಿಗಲ್ಲ."

ನೇತಾಡಿದ ಮಾಲೀಕ

ಕ್ಲಚ್ಚಿಗೆ ಬಂದರು, ಆಕ್ಸಿಲರೇಟರಿಗೆ ಬಂದರು. ಬ್ರೇಕಿಗೆ ಮಾತ್ರ ಒಬ್ಬರೂ ಬರಲಿಲ್ಲ. ನಮ್ಮ ಕಡೆ ಎತ್ತ ಹೋದರೂ ಘಟ್ಟ. ಗಿರಾಕಿಯೊಬ್ಬರು ಮುಖಕ್ಕೇ ಹೇಳಿದರು: "ಕ್ಲಚ್ ಹೋದ್ರೆ ದೂಡ್ಕೊಂಡು ಬರಬಹುದು. ಬ್ರೇಕ್ ಹೋದ್ರೆ ದೂಡಲಿಕ್ಕೆ ನಾವು ಇರಬೇಕಲ್ಲ?" ಬ್ರೇಕಿಲ್ಲದೆ ಅಂಗಡಿ ನಡೆಯುವಂತಿರಲಿಲ್ಲ. ಮಳೆಗಾಲ ಹತ್ತಿರ ಬಂತು. ಹುಬ್ಬಳ್ಳಿಯ ಫೋನುಗಳು ಹೆಚ್ಚಾದವು. ಭಾವ ನನಗೊಂದು ಖುರ್ಚಿಯನ್ನೂ ತರಿಸಿಟ್ಟಿದ್ದರಂತೆ.

ಆಗ ಬಂದವರು ಯಲ್ಲಾಪುರದ ಹೋಟೆಲಿನವರು, ಒಳ್ಳೆಯ ಮೈಕಟ್ಟಿನ ಮನುಷ್ಯ. ವಾರಕ್ಕೊಮ್ಮೆ ಅರಬೈಲು ಘಟ್ಟ ಇಳಿದು ಅಂಕೋಲೆಗೆ ಹೋಗುವವರು. ನಾನು ಮಾಡಿಟ್ಟಿದ್ದ ಮುಂದಿನ ಚಕ್ರದ ಬ್ರೇಕಿನ ವೈರ್ ಕೈಯಲ್ಲಿ ಹಿಡಿದು, "ಗಟ್ಟಿ ಉಂಟಾ?" ಎಂದರು.

"ಮನುಷ್ಯನೇ ನೇತುಬೀಳಬಹುದು" ಎಂದೆ, ಮಾತಿಗೆ.

"ಬೀಳಿ ನೋಡುವಾ."

ಮಾತಾಡಿದ ಮೇಲೆ ಹಿಂದೆಗೆಯುವುದು ಹೇಗೆ? ವೈರಿನ ಒಂದು ಗುಂಡನ್ನು ಹೆಂಚಿನ ಮಾಡಿನ ತೊಲೆಯ ಕೊಂಡಿಗೆ ಸಿಕ್ಕಿಸಿ, ಇನ್ನೊಂದಕ್ಕೆ ಕಬ್ಬಿಣದ ಹಿಡಿ ಹಾಕಿ, ಗಣೇಶನನ್ನು ನೆನೆದು ಕಾಲು ಮಡಚಿದೆ. ವೈರ್ ಜಗ್ಗಲಿಲ್ಲ. ತೊಲೆ ಮಾತ್ರ ಕಿರ್ರೆಂದಿತು, ನಾಲ್ಕು ಹೆಂಚು ಜಾರಿ ಬಿದ್ದವು. ಸದ್ದಿಗೆ ಬೀದಿಯವರೆಲ್ಲ ಓಡಿ ಬಂದರು. ಬಂದವರಿಗೆ ಕಂಡದ್ದು ತನ್ನ ಅಂಗಡಿಯಲ್ಲೇ ನೇತಾಡುತ್ತಿರುವ ಮಾಲೀಕ ಮತ್ತು ಅವನ ಸುತ್ತ ಪ್ರದಕ್ಷಿಣೆ ಹಾಕುತ್ತಿರುವ ಗಿರಾಕಿ.

"ವೈರ್ ಅಡ್ಡಿಲ್ಲ. ಮಾಡು ಯಾರು ಮಾಡಿದ್ದು?" ಎಂದರು ಹೋಟೆಲಿನವರು.

ಆ ವೈರ್ ಹಾಕಿಸಿಕೊಂಡು ಘಟ್ಟ ಇಳಿದು ಹತ್ತಿ ಬಂದರು, ತಮ್ಮ ಹೋಟೆಲಿಗೆ ಬಂದವರಿಗೆಲ್ಲ ಕಥೆ ಹೇಳಿದರು. ಒಬ್ಬೊಬ್ಬರಾಗಿ ಬ್ರೇಕಿನ ಗಿರಾಕಿಗಳು ಬಂದರು. ಮಳೆ ಶುರುವಾಯಿತು, ಹೆಂಡತಿ ಹುಬ್ಬಳ್ಳಿಯ ಸುದ್ದಿ ಎತ್ತಲಿಲ್ಲ. ಭಾವನ ಖುರ್ಚಿಯಲ್ಲಿ ಈಗ ಅವರ ಬೆಕ್ಕು ಮಲಗುತ್ತದಂತೆ. ಅದಕ್ಕೂ ನನ್ನ ಕೃತಜ್ಞತೆಗಳು.

ಹರಕೆ

ಮಳೆ ಕಳೆದ ಮೇಲೆ ಹೆಂಡತಿಯನ್ನು ಕೂರಿಸಿಕೊಂಡು, ಒಂದು ಹಿತ್ತಾಳೆ ಗಂಟೆ ಹಿಡಿದು ಚಂದಗುಳಿಗೆ ಹೋದೆ. ಅಲ್ಲಿನ ಭಟ್ಟರು ಯಾವ ಊರು, ಏನು ಕೆಲಸ ಎಂದು ವಿಚಾರಿಸಿದರು. ಹೇಳಿದೆ. ಅವರ ಮುಖ ಅರಳಿತು.

"ಓಹೋ, ಶಿರಸಿ ವೈರಿನವ ನೀನೇಯಾ! ಬಾ ಬಾ. ನಿನ್ನಿಂದ ದೇವಸ್ಥಾನಕ್ಕೆ ರಾಶಿ ಉಪಕಾರ ಆತು."

ನಾನು ಉಬ್ಬಿಹೋದೆ. ಹೆಂಡತಿಗೆ ಕೇಳಿಸಲೆಂದು, "ನನ್ನಿಂದ ಎಂತ ಉಪಕಾರ ಭಟ್ರೇ?" ಎಂದು ಗಟ್ಟಿಯಾಗಿ ಕೇಳಿದೆ.

"ನಿನ್ನ ಬ್ರೇಕ್ ವೈರ್ ಹಾಕ್ಸ್ಕಂಡವೆಲ್ಲ ಘಟ್ಟ ಇಳಿಯ ಮೊದ್ಲು ಸೀದಾ ಇಲ್ಲಿಗೆ ಬರ್ತ. ಜೀವ ಸಮೇತ ತಿರುಗಿ ಬಂದ್ರೆ ಗಂಟೆ ಕಟ್ತೆ ಹೇಳಿ ಹರಕೆ ಹೇಳ್ಕಂಡು ಹೋಗ್ತ." ಒಂದು ಸಾಲು ಹೊಸ ಗಂಟೆಗಳತ್ತ ಕೈ ತೋರಿಸಿದರು. "ಅವೆಲ್ಲ ನಿನ್ನವೇ ನೋಡು."

ಹೆಸರು ಕೆತ್ತಿಸಿದ ಹೋಟೆಲಿನವರ ಗಂಟೆಯೂ ಅದರಲ್ಲಿತ್ತು, ಎಲ್ಲಕ್ಕಿಂತ ದೊಡ್ಡದು. ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ಆ ಕಡೆ ತಿರುಗಿದಳು. ನಾನು ಮೆಲ್ಲಗೆ ಕೇಳಿದೆ, "ಹರಕೆ ಹೇಳ್ಕಂಡು ಹೋದವು, ಕಟ್ಟಲೆ ಬರದೇ ಇದ್ದವು ಯಾರಾದ್ರೂ ಇದ್ವಾ?"

ಭಟ್ಟರು ಯೋಚಿಸಿದರು. "ಇಲ್ಲೆ. ಎಲ್ಲರೂ ಬಂದು ಕಟ್ಟಿದ್ದ."

ನನ್ನ ಕಣ್ಣು ತುಂಬಿತು. ಇದಕ್ಕಿಂತ ದೊಡ್ಡ ಸರ್ಟಿಫಿಕೇಟು ನನಗೆ ಯಾರು ಕೊಡಬೇಕು? ಹೆದರಿಕೊಂಡೇ ಹಾಕಿಸಿಕೊಂಡರಲ್ಲ, ಆ ಪುಣ್ಯಾತ್ಮರಿಂದಲೇ ನನ್ನ ಅಂಗಡಿ ಉಳಿದದ್ದು. ಗಣೇಶನಿಗೆ ಕೈಮುಗಿದು, ಗಂಟೆ ಕಟ್ಟಲು ನಾನೇ ಮಾಡಿದ ಬ್ರೇಕ್ ವೈರ್ ಹೊರತೆಗೆದೆ. ಭಟ್ಟರು ವೈರ್ ನೋಡಿದರು, ಗಂಟೆ ನೋಡಿದರು, ಜನ ನಿಲ್ಲುವ ಜಾಗ ನೋಡಿದರು.

"ತಮ್ಮಾ, ಗಟ್ಟಿ ಹಗ್ಗ ಎಂತಾದ್ರೂ ತಂದಿದ್ಯಾ?"

ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಮುಂದೆ ಬಂದಳು. "ಅದ್ರಲ್ಲೇ ಕಟ್ಲಿ ಭಟ್ರೇ. ಕೆಳಗೆ ನಾನೇ ನಿಂತ್ಕತ್ತೆ."

ನಿಂತೇಬಿಟ್ಟಳು. ಏಣಿ ಹತ್ತಿ, ಗಂಟೆ ಕಟ್ಟಿ, ಕೈಬಿಟ್ಟೆ. ಗಂಟೆ ಅಲ್ಲಾಡದೆ ನಿಂತಿತು. ಇಷ್ಟು ನಂಬಿಕೆ ಇಟ್ಟವಳ ಮುಖ ನೋಡೋಣವೆಂದು ಕೆಳಗೆ ಬಗ್ಗಿದರೆ, ಅವಳು ಕಣ್ಣು ಗಟ್ಟಿಯಾಗಿ ಮುಚ್ಚಿ, ಕೈಮುಗಿದು, ತುಟಿ ಅಲ್ಲಾಡಿಸುತ್ತಿದ್ದಳು.

"ನೀ ಎಂತ ಮಾಡ್ತಾ ಇದ್ದೆ?" ಎಂದೆ.

"ಸುಮ್ನಿರಿ," ಎಂದಳು ಕಣ್ಣು ತೆರೆಯದೆ, "ಹರಕೆ ಹೇಳ್ಕತ್ತಾ ಇದ್ದೆ."